ವರಾಹ ಲಾಂಛನದ ಸೀಮೆಯಿಂದ ಒಂದು ಅರ್ಜಿ

ಇವರಿಗೆ,
ಮುಖ್ಯ ವನ್ಯಜೀವಿ ಪರಿಪಾಲಕರು,
ಅರಣ್ಯ ಭವನ, ಬೆಂಗಳೂರು

ಮಾನ್ಯರೆ,

ನಮ್ಮ ಹೊಲದ ಸುತ್ತ ಹನ್ನೊಂದು ಇಳಕಲ್ ಸೀರೆ ಕಟ್ಟಿದ್ದೇವೆ. ಎಲ್ಲವೂ ನಮ್ಮವ್ವ ಮತ್ತು ನನ್ನ ಹೆಂಡತಿ ಉಟ್ಟು ಹಳತಾದವು. ಬಣ್ಣ ಗಾಳಿಗೆ ಹಾರಾಡಿದರೆ ಹಂದಿ ಬೆದರುತ್ತವೆ ಎಂದು ಬದುವಿನ ಗೆಳೆಯರು ಹೇಳಿದ್ದರು. ಹೋದ ವರ್ಷ ಕಟ್ಟಿದಾಗ ಮೊದಲ ವಾರ ಬೆದರಿದವು. ಎರಡನೇ ವಾರ ಸೀರೆಯ ಕೆಳಗೇ ನುಸುಳಿ, ಟೋಪ್‌ತೆನಿ ಸೆರಗಿಗೆ ಮೈಯ ಕೆಸರು ಒರೆಸಿ, ಒಳಗಿದ್ದ ಗೋವಿನಜೋಳದ ತೆನಿ ಮುರಿದು ಹೋದವು. ಸೆರಗಿನ ತೆನಿ ಮಾತ್ರ ಉಳಿಯಿತು.

ನಾನು ಇಳಕಲ್ಲಿನಲ್ಲಿರುವ ನಿವೃತ್ತ ಮಾಸ್ತರ. ಹೊಲ ಹುನಗುಂದ ತಾಲ್ಲೂಕಿನಲ್ಲಿ, ಹಳ್ಳದ ದಂಡೆಗೆ, ನಾಲ್ಕೆಕರೆ ಎರಿ. ಹಳ್ಳದ ತುಂಬ ಬಳ್ಳಾರಿ ಜಾಲಿ, ಅದರಾಚೆ ಯಾರದೋ ಕಬ್ಬು. ಹಗಲು ಹಂದಿಗೆ ಮಲಗಲು ಇಷ್ಟು ಸಾಕು. ಅವು ತಿನ್ನುವುದು ಕಡಿಮೆ, ಕೆಡಿಸುವುದು ಹೆಚ್ಚು. ದಂಟನ್ನು ನೆಲದಿಂದ ಗೇಣುದ್ದಕ್ಕೆ ಕಚ್ಚಿ ಬೀಳಿಸುತ್ತವೆ, ಸಿಪ್ಪೆ ಬಿಚ್ಚುತ್ತವೆ, ಹಾಲುಗಾಳು ನಾಲ್ಕು ಬಾಯಿ ತಿಂದು ಮುಂದಿನ ದಂಟಿಗೆ ಹೋಗುತ್ತವೆ. ಬೆಳಗ್ಗೆ ಹೋದರೆ ಯಾರೋ ಚಾಪೆ ಹಾಸಿದ ಹಾಗೆ ಕಾಣುತ್ತದೆ.

ಚಿಗರಿಯ ಮೇಲೆ ನನ್ನ ತಕರಾರಿಲ್ಲ, ನವಿಲಿನ ಮೇಲೂ ಇಲ್ಲ. ಅವು ಮೊದಲನೇ ಅನುಸೂಚಿಯವು, ಅಲ್ಲೇ ಇರಲಿ. 2016ರಲ್ಲಿ ಮುಧೋಳ, ಬೀಳಗಿ ಕಡೆಯ ಯಡಹಳ್ಳಿಯಲ್ಲಿ ಚಿಂಕಾರ ಧಾಮ ಆದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಎಳ್ಳ ಅಮಾಸಿಗೆ ಹೊಲದಲ್ಲಿ ಚರಗ ಚೆಲ್ಲುವ ಮಂದಿ ನಾವು. ಹಕ್ಕಿಪಕ್ಕಿಯ ಪಾಲು ತೆಗೆದಿಟ್ಟೇ ಉಣ್ಣುತ್ತೇವೆ. ಹಂದಿಗೂ ಪಾಲು ಬೇಡ ಎನ್ನುತ್ತಿಲ್ಲ. ಬಾದಾಮಿಯ ಗುಹೆಗಳಿಗೆ ಶಾಲೆಯ ಮಕ್ಕಳನ್ನು ಕರಕೊಂಡು ಹೋದಾಗಲೆಲ್ಲ ಭೂದೇವಿಯನ್ನೆತ್ತಿ ನಿಂತ ವರಾಹನ ಮುಂದೆ ನಿಲ್ಲಿಸಿ, ಚಾಲುಕ್ಯರ ಲಾಂಛನ ಇದೇ ಎಂದು ಪಾಠ ಹೇಳಿದವನೂ ನಾನೇ. ಅವನು ಭೂಮಿ ಎತ್ತಿದ. ಈಗಿನವು ಅಗೆಯುತ್ತವೆ.

ಕಾಯ್ದೆ ಓದಿಕೊಂಡೇ ಬರೆಯುತ್ತಿದ್ದೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಶಿಕಾರಿ ಲೈಸೆನ್ಸಿಗೂ ಜಾಗವಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು, ಒಳ್ಳೆಯದೇ ಆಯಿತು. ಉಳಿದದ್ದು 11ನೇ ಕಲಮಿನ ಒಂದು ಕಿಂಡಿ. ಹಂದಿಯಂಥ ಎರಡನೇ ಅನುಸೂಚಿಯ ಪ್ರಾಣಿ ಜನರ ಜೀವಕ್ಕೋ ಆಸ್ತಿಗೋ ಅಪಾಯ ತಂದರೆ, ತಾವಾಗಲಿ ತಾವು ಅಧಿಕಾರ ಕೊಟ್ಟವರಾಗಲಿ, ಕಾರಣ ಬರೆದು ಲಿಖಿತ ಅಪ್ಪಣೆ ಕೊಡಬಹುದು. ಆಸ್ತಿ ಎಂದರೆ ಹೊಲದಲ್ಲಿ ನಿಂತ ಬೆಳೆಯೂ ಸೇರಿತು ಎಂದು ಕಾಯ್ದೆಯೇ ಹೇಳುತ್ತದೆ. ಆದರೆ ಬೆಳೆ ನಿಂತಿರುತ್ತದೆ, ಕಡತ ಕೂತಿರುತ್ತದೆ. ಹೋದ ವರ್ಷ ಒಂದು ಕಚೇರಿಗೆ ಅರ್ಜಿ ಕೊಟ್ಟೆ. ಯಾವ ಕಚೇರಿ ಎನ್ನುವುದು ಬೇಡ, ಅಲ್ಲಿನವರು ಮರ್ಯಾದೆಯಿಂದಲೇ ಕೂಡಿಸಿ ಚಹಾ ಕೊಟ್ಟರು. ಗೋವಿನಜೋಳ ಕೊಯ್ದಾಯಿತು, ಅದೇ ನೆಲದಲ್ಲಿ ಕಡಲಿ ಬಿತ್ತಿ ಕಿತ್ತೂ ಆಯಿತು. ಹೂಂ ಎಂದೂ ಬರಲಿಲ್ಲ, ಊಹೂಂ ಎಂದೂ ಬರಲಿಲ್ಲ.

ನನ್ನ ಅಕ್ಕನ ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಅವನ ಜೊತೆ ಕೆಲಸ ಮಾಡುವ ಒಬ್ಬಾತ ಪ್ರತಿ ವರ್ಷ ಪಕ್ಕದ ನ್ಯೂ ಮೆಕ್ಸಿಕೊ ರಾಜ್ಯಕ್ಕೆ ಎಲ್ಕ್ ಹೊಡೆಯಲು ಅರ್ಜಿ ಹಾಕುತ್ತಾನಂತೆ. ಎಲ್ಕ್ ಎಂದರೆ ನಮ್ಮ ಕಡವೆಯ ಜಾತಿಯದೇ, ಆದರೆ ಗಾತ್ರದಲ್ಲಿ ಇನ್ನೂ ದೊಡ್ಡದು. ಆ ರಾಜ್ಯದವರು ಇಂತಿಷ್ಟೇ ಪರವಾನಗಿ ಎಂದು ನಿಗದಿ ಮಾಡಿ ಚೀಟಿ ಎತ್ತುತ್ತಾರೆ. ನೂರರಲ್ಲಿ 84 ತಮ್ಮ ರಾಜ್ಯದವರಿಗೆ. 10 ಪರವಾನಗಿ ಇರುವ ಬೇಟೆ ಮಾರ್ಗದರ್ಶಕರ ಜೊತೆ ಬರುವವರಿಗೆ. ಉಳಿದ 6 ತಾವಾಗಿಯೇ ಬರುವ ಪರರಾಜ್ಯದವರಿಗೆ. ಎಷ್ಟು ವರ್ಷದಿಂದ ಅರ್ಜಿ ಹಾಕುತ್ತಿದ್ದೀರಿ ಎಂದು ಯಾರೂ ಕೇಳುವುದಿಲ್ಲ, ಪ್ರತಿ ಸಲವೂ ಹೊಸ ಚೀಟಿ. ಚೀಟಿ ಬಾರದವನಿಗೆ ಲೈಸೆನ್ಸಿನ ದುಡ್ಡು ವಾಪಸು. ಈತನಿಗೆ ಇನ್ನೂ ಬಂದಿಲ್ಲವಂತೆ. ‘ಆದರೂ ಮಾಮಾ, ಇಂಥಾ ದಿನ ಗೊತ್ತಾಗ್ತದ ಅಂತ ಮೊದಲೇ ಹೇಳಿರ್ತಾರ’ ಎಂದ ನಮ್ಮ ಹುಡುಗ. ಮೋಜಿಗೆ ಕೊಲ್ಲುವವನಿಗೂ ಉತ್ತರದ ತಾರೀಖು ಗೊತ್ತು. ಉಣ್ಣಲು ಬೆಳೆಯುವ ನನಗೆ ಗೊತ್ತಿಲ್ಲ.

ಅವರ ಶಿಕಾರಿ ಇಲ್ಲಿಗೆ ಬರಲಿ ಎಂದು ಮಾತ್ರ ತಿಳಿಯಬೇಡಿ. ನನ್ನ ಅರ್ಜಿಯ ಸುದ್ದಿ ಹೇಗೋ ಹಬ್ಬಿ, ದೂರದ ಶಹರದಿಂದ ಒಬ್ಬರು ಫೋನು ಮಾಡಿದ್ದರು. ‘ಪರ್ಮಿಷನ್ ನಿಮ್ಮ ಹೆಸರಿಗೆ ಬರಲಿ ಸರ್, ರೈಫಲ್ ನಮ್ಮದು, ಖರ್ಚೂ ನಮ್ಮದು.’ ಫೋನು ಇಟ್ಟೆ. ಆದರೆ ಆ ಮಾತು ಎಬ್ಬಿಸಿದ ಪ್ರಶ್ನೆ ಸುಳ್ಳಲ್ಲ. ಅಪ್ಪಣೆ ಬಂದರೂ ನಮ್ಮಲ್ಲಿ ಹೊಡೆಯುವವರು ಯಾರು? ಬಂದೂಕಿನ ಕಥೆ ನಮ್ಮಲ್ಲಿ ಹಳೆಯದು. ಇದೇ ಜಿಲ್ಲೆಯ ಹಲಗಲಿಯ ಬೇಡರು 1857ರಲ್ಲಿ, ಹತಾರು ಒಪ್ಪಿಸಿರಿ ಎಂಬ ಬ್ರಿಟಿಷರ ಕಾಯ್ದೆಗೆ ಒಲ್ಲೆವೆಂದರು. ಊರು ಸುಟ್ಟಿತು, 19 ಮಂದಿ ಗಲ್ಲಿಗೇರಿದರು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿಗೆ ಲೈಸೆನ್ಸ್ ಬೇಡ ಎಂಬ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದು ಬಂದಿದೆ. ನಮ್ಮಲ್ಲಿ ಬೆಳೆ ಕಾಯುವ ಬಂದೂಕಿನ ಲೈಸೆನ್ಸ್ ಇದ್ದವರು ಊರಿಗೊಬ್ಬರೂ ಸಿಗುವುದಿಲ್ಲ. ಇದ್ದವರೂ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಕೈ ಕಟ್ಟಿ ಕೂಡಬೇಕು. ಮುಧೋಳದ ಬೇಟೆನಾಯಿ ಕೂಡ ಈಗ ಸೈನ್ಯದ ಕೆಲಸಕ್ಕೆ ಹೋಗಿದೆ!

ಹೊರಗಿನವರು ಬಂದು ಹೊಡೆಯಬೇಕೆಂದಿದ್ದರೆ ಅವರನ್ನು ಇಲಾಖೆಯೇ ಆರಿಸಲಿ, ಕೈಬೆರಳೆಣಿಕೆಯಷ್ಟು ಮಂದಿಯನ್ನು. ಗಾರ್ಡು ಜೊತೆಗಿರಲಿ. ಎಷ್ಟು ಹಂದಿ, ಯಾವ ಸರ್ವೆ ನಂಬರು, ಯಾವ ತಾರೀಖಿನವರೆಗೆ ಎಂದು ಕಾಗದದಲ್ಲಿರಲಿ. ಮರಿ ಕಟ್ಟಿಕೊಂಡು ತಿರುಗುವ ಹೆಣ್ಣನ್ನು ಮುಟ್ಟಬಾರದು. ಸತ್ತದ್ದು ಸರಕಾರದ ಸ್ವತ್ತು ಎಂದು ಕಾಯ್ದೆಯೇ ಹೇಳುತ್ತದೆ. ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಮಾಂಸದ ಆಸೆ ಬಂದರೆ ಬೆಳೆಯ ನೆಪ ಬೆಳೆಯುತ್ತದೆ. ಕೇರಳದಲ್ಲಿ 2022ರಿಂದ ಈ ಅಪ್ಪಣೆಯ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ಮಟ್ಟಕ್ಕೇ ಇಳಿಸಿದ್ದಾರೆ. ನಮ್ಮಲ್ಲಿ ಅಷ್ಟು ದೂರ ಹೋಗುವುದು ಬೇಡ ಎಂದೇ ನನ್ನ ಅನಿಸಿಕೆ. ಪಂಚಾಯಿತಿ ರಾಜಕೀಯ ಹಂದಿಗಿಂತ ಬೇಗ ಹೊಲಕ್ಕೆ ನುಗ್ಗುತ್ತದೆ.

ಉತ್ತರ ಬಾರದೆ ಹೋದರೆ ಹೊಲದವರು ಏನು ಮಾಡುತ್ತಾರೆ ಎನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ಬೇಲಿ ತಂತಿಗೆ ಕರೆಂಟು ಕೊಡುತ್ತಾರೆ. ಹಿಟ್ಟಿನ ಉಂಡಿಯಲ್ಲಿ ಸಿಡಿಮದ್ದು ಇಟ್ಟು ಹಳ್ಳದ ದಂಡೆಗೆ ಎಸೆಯುತ್ತಾರೆ. ಹೋದ ಕಾರ್ತಿಕದಲ್ಲಿ ಪಕ್ಕದ ಹೊಲದವರ ಎತ್ತು ಅಂಥ ಒಂದು ಉಂಡಿ ಬಾಯಿಗೆ ಹಾಕಿಕೊಂಡಿತು. ಕೆಳದವಡೆ ಜೋತು ಬಿದ್ದಿತ್ತು. ಎತ್ತು ಕೂಗಲಿಲ್ಲ. ಬಾನಿಯ ನೀರಿಗೆ ಮುಖ ಇಟ್ಟು ಹಾಗೇ ನಿಂತಿತ್ತು, ಕುಡಿಯಲು ಬರುತ್ತಿರಲಿಲ್ಲ. ಡಾಕ್ಟರು ಬರುವವರೆಗೆ ಮನೆಯಾಕೆ ಅದರ ಕೊರಳು ತಬ್ಬಿಕೊಂಡಿದ್ದರು. ಉಂಡಿ ಇಟ್ಟವರು ಯಾರೆಂದು ಊರಿಗೆಲ್ಲ ಗೊತ್ತು. ಹಿಂದಿನ ವರ್ಷ ಅವರೂ ಅರ್ಜಿ ಕೊಟ್ಟಿದ್ದರು.

ನಾನು ಕೇಳುವುದು ದೊಡ್ಡದಲ್ಲ. ಅರ್ಜಿ ಕೊಟ್ಟ ಹದಿನೈದು ದಿನದೊಳಗೆ ಯಾರಾದರೂ ಬಂದು ಹೆಜ್ಜೆ ನೋಡಲಿ, ಸಹಿ ಮಾಡಿದ ಒಂದು ಕಾಗದ ಕೊಡಲಿ. ಆಗುವುದಿಲ್ಲ ಎಂದಿದ್ದರೂ ಸೈ, ಏಕೆ ಎಂದು ಬರೆದಿರಲಿ. ಆಗ ಮುಂದಿನ ಹಂಗಾಮಿಗೆ ಗೋವಿನಜೋಳ ಬಿಟ್ಟು ಹತ್ತಿ ಹಾಕುತ್ತೇನೆ.

ಈ ಸಲದ ಗೋವಿನಜೋಳ ಮೊಣಕಾಲುದ್ದ ಬಂದಿದೆ. ತೆನಿಗೆ ಹಾಲು ತುಂಬಲು ಇನ್ನೂ ನಲವತ್ತು ದಿನ ಬೇಕು. ಹೊಸ ಅರ್ಜಿ ಇದರ ಜೊತೆಗಿದೆ, ಸರ್ವೆ ನಂಬರು, ಪಹಣಿ, ಕಳೆದ ವರ್ಷದ ಸ್ವೀಕೃತಿ ಚೀಟಿ ಸಮೇತ. ಹನ್ನೆರಡನೇ ಸೀರೆಯನ್ನು ಹೆಂಡತಿ ನಿನ್ನೆ ಟ್ರಂಕಿನಿಂದ ತೆಗೆದಿಟ್ಟಿದ್ದಾಳೆ. ಅದು ನಮ್ಮ ಮದುವೆಯದು, ಕಟ್ಟಲು ನನಗೆ ಮನಸ್ಸಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಹುನಗುಂದ ತಾಲ್ಲೂಕಿನ ಒಬ್ಬ ರೈತ