ಮಳೆಗಾಲದ ಜ್ವರ ಡಯಾಲಿಸಿಸ್‌ವರೆಗೆ ಹೋಗದಿರಲಿ

ಪತ್ತನಾಜೆ ಕಳೆದು ಮಳೆ ಹಿಡಿದರೂ ದಕ್ಷಿಣ ಕನ್ನಡದ ಕೊಯಿಲ, ರಾಮಕುಂಜ, ಆಲಂಕಾರು ಕಡೆಯ ತೋಟಗಳಲ್ಲಿ ಕೆಲಸ ನಿಲ್ಲುವುದಿಲ್ಲ. ಕಣಿ ಬಿಡಿಸಬೇಕು, ಕೊಳೆರೋಗಕ್ಕೆ ಮದ್ದು ಬಿಡಬೇಕು, ಹಟ್ಟಿಯ ಗೊಬ್ಬರ ತೆಗೆಯಬೇಕು. ಬರಿಗಾಲಲ್ಲಿ ಕೆಸರಿಗಿಳಿಯುವ ಈ ದಿನಗಳೇ ಇಲಿಜ್ವರದ ದಿನಗಳೂ ಹೌದು. ಆ ಜ್ವರ ಕಿಡ್ನಿಗೆ ಹೊಡೆದರೆ, ನಿನ್ನೆಯವರೆಗೆ ಗಟ್ಟಿಮುಟ್ಟಾಗಿದ್ದವರೂ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕಾದೀತು. ಅದಕ್ಕಾಗಿಯೇ ಈ ಎಚ್ಚರಿಕೆ.

ಇಲಿಜ್ವರ ಇಲಿಯೊಂದರಿಂದಲೇ ಬರುವುದಲ್ಲ. ದನ, ನಾಯಿಗಳ ಮೂತ್ರದಲ್ಲೂ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಇರಬಹುದು. ನಿಂತ ನೀರಿಗೆ ಸೇರಿದ ಅದು ಕಾಲಿನ ಸಣ್ಣ ಗಾಯದ ಮೂಲಕ ಮೈಯೊಳಗೆ ಹೋಗುತ್ತದೆ. ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಜ್ವರ, ತಲೆನೋವು, ಮೀನಖಂಡದಲ್ಲಿ ಮುಟ್ಟಲಾಗದಷ್ಟು ನೋವು ಶುರುವಾಗುತ್ತದೆ, ಕಣ್ಣು ಕೆಂಪಾಗುತ್ತದೆ. ಆಗಲೇ ಆ್ಯಂಟಿಬಯೋಟಿಕ್ ಸಿಕ್ಕಿದರೆ ಹೆಚ್ಚಿನವರು ಗುಣವಾಗುತ್ತಾರೆ.

ಕೈತಪ್ಪುವುದು ಮುಂದಿನ ಕೆಲವು ದಿನಗಳಲ್ಲಿ. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ, ಮೊದಲೇ ಬಳಲಿದ ಕಿಡ್ನಿಗೆ ಇನ್ನಷ್ಟು ಪೆಟ್ಟು ಕೊಡುತ್ತದೆ. ಕಣ್ಣು ಹಳದಿಯಾದರೆ ಕಾಮಾಲೆ ಎಂದುಕೊಂಡು ಹಳ್ಳಿಮದ್ದಿಗೆ ಹೋಗುವುದುಂಟು. ಅಲ್ಲಿ ಮತ್ತೆರಡು ದಿನ ಕಳೆಯುತ್ತದೆ. ಮೂತ್ರ ಸರಿಯಾಗಿ ಹೋಗುತ್ತಿದೆಯೆಂದು ಧೈರ್ಯವಾಗಿರುವಂತೆಯೂ ಇಲ್ಲ. ಇಲಿಜ್ವರದಲ್ಲಿ ಮೂತ್ರ ಕಡಿಮೆಯಾಗದೆಯೂ ಕಿಡ್ನಿ ಸೋಲಬಹುದು. ಅದನ್ನು ಹೇಳುವುದು ರಕ್ತದ ಕ್ರಿಯಾಟಿನಿನ್ ಪರೀಕ್ಷೆ.

ಅಷ್ಟಾದ ಮೇಲೆ ಉಳಿಯುವುದು ಡಯಾಲಿಸಿಸ್. ತೆಳು ಪೊರೆಯೊಂದರ ಮೂಲಕ ಸಣ್ಣ ಕಣಗಳು ದಾಟುತ್ತವೆ, ದೊಡ್ಡವು ಉಳಿಯುತ್ತವೆ ಎಂಬುದನ್ನು ತೋರಿಸಿ 1861ರಲ್ಲಿ ಈ ಕ್ರಿಯೆಗೆ ಹೆಸರಿಟ್ಟವರು ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ. ಆಸ್ಪತ್ರೆಯ ಯಂತ್ರದಲ್ಲಿ ಕೂದಲೆಳೆಯಂಥ ಸಾವಿರಾರು ಟೊಳ್ಳು ನಾಳಗಳೊಳಗೆ ರಕ್ತ ಹರಿಯುತ್ತದೆ. ಹೊರಗೆ ಎದುರು ದಿಕ್ಕಿನಲ್ಲಿ ಹರಿಯುವ ದ್ರಾವಣ ಕಶ್ಮಲವನ್ನು ಸೆಳೆದುಕೊಳ್ಳುತ್ತದೆ. ನಾಲ್ಕು ಗಂಟೆಯ ಒಂದು ಸರದಿಗೆ ಸುಮಾರು 120 ಲೀಟರ್ ದ್ರಾವಣ ಬೇಕು. ನೆದರ್ಲೆಂಡ್ಸ್‌ನ ವೈದ್ಯ ವಿಲ್ಲೆಮ್ ಕೋಲ್ಫ್ ಅವರ ಯಂತ್ರದಿಂದ 1945ರಲ್ಲಿ ಮೊದಲು ಬದುಕಿ ಉಳಿದ ಮಹಿಳೆಗೂ ಆಗಿದ್ದದ್ದು ಹಠಾತ್ ಕಿಡ್ನಿ ವೈಫಲ್ಯವೇ. ಇಲಿಜ್ವರದಲ್ಲೂ ಹಾಗೆಯೇ: ಯಂತ್ರ ಕೆಲವು ದಿನ ಆಧಾರವಾಗಿ ನಿಂತರೆ, ಬದುಕುಳಿದ ಹೆಚ್ಚಿನವರ ಕಿಡ್ನಿ ಮತ್ತೆ ಚೇತರಿಸಿಕೊಳ್ಳುತ್ತದೆ.

ಆದರೆ ಆ ಕೆಲವು ದಿನಗಳಿಗೆ ಯಂತ್ರ ಸಿಗಬೇಕಲ್ಲ! ಪುತ್ತೂರು, ಸುಳ್ಯದ ತಾಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಇದೆ. ಸಕ್ಕರೆ ಕಾಯಿಲೆ, ಬಿಪಿಯಿಂದ ಕಿಡ್ನಿ ಕಳೆದುಕೊಂಡವರಿಗೆ ವಾರಕ್ಕೆ ಎರಡು ಮೂರು ಸರದಿ ತಪ್ಪದೆ ಬೇಕು. ಅವರನ್ನು ಎಬ್ಬಿಸಿ ಹೊಸಬರನ್ನು ಮಲಗಿಸಲಾಗದು. ಮಂಗಳೂರಿಗೆ ಹೋಗೋಣವೆಂದರೆ ಕೊಯಿಲದಿಂದ 50 ಕಿ.ಮೀ.ಗೂ ಹೆಚ್ಚು ದಾರಿ, ಅದೂ ಜಡಿಮಳೆಯಲ್ಲಿ.

ಆದ್ದರಿಂದ ಮಳೆಗೆ ಮೊದಲೇ ಮೂರು ಕೆಲಸ ಆಗಲಿ. ಜ್ವರದ ಜೊತೆ ಮೀನಖಂಡದ ನೋವು ಹೇಳಿಕೊಂಡು ಬಂದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಂದೇ ಚಿಕಿತ್ಸೆ ಆರಂಭವಾಗಿ, ಕ್ರಿಯಾಟಿನಿನ್ ಪರೀಕ್ಷೆಗೆ ರಕ್ತ ಹೋಗಲಿ. ಹಠಾತ್ ಪ್ರಕರಣಗಳನ್ನು ಯಾವ ಆಸ್ಪತ್ರೆಗೆ ಕಳಿಸಬೇಕು, ಅಲ್ಲಿ ಯಂತ್ರ ಬಿಡುವಿದೆಯೇ ಎಂಬುದು ಆರೋಗ್ಯ ಇಲಾಖೆಯ ಕೈಯಲ್ಲಿ ದಿನದಿನವೂ ಸಿದ್ಧವಿರಲಿ. ಕೊಯಿಲದಲ್ಲೇ ಸರಕಾರಿ ಜಾನುವಾರು ಸಂವರ್ಧನಾ ಕೇಂದ್ರವಿದೆ. ಹಟ್ಟಿಯಿಂದ ಮನುಷ್ಯರಿಗೆ ಬರುವ ರೋಗದ ಬಗ್ಗೆ ಪಶುವೈದ್ಯರು ಹೇಳಿದರೆ ದನ ಸಾಕುವವರು ಕಿವಿಗೊಡುತ್ತಾರೆ.

ತೋಟದ ಯಜಮಾನರೂ ಕೆಲಸದವರಿಗೆ ಗಂಬೂಟು ಕೊಡಿಸಬೇಕು. ಗಾಯವಿದ್ದವರನ್ನು ಕಣಿಗೆ ಇಳಿಸಬಾರದು. ಮುನ್ನೆಚ್ಚರಿಕೆಯ ಮಾತ್ರೆ ಬೇಕೇ ಎಂಬುದನ್ನು ವೈದ್ಯರು ಹೇಳಲಿ. ಯಂತ್ರ ಬೇಕು, ಇನ್ನಷ್ಟು ಬೇಕು. ಆದರೆ ತೋಟಕ್ಕೆ ಇಳಿದವರು ಆ ಯಂತ್ರದ ತನಕ ಹೋಗದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಮೊದಲ ಹೊಣೆ.