ಶಾಲೆಯ ಪಂಕ್ತಿಯಲ್ಲಿ ಮೊಟ್ಟೆ: ನಮ್ಮ ವ್ರತವೂ ನಮ್ಮ ಹೊಣೆಯೂ



ರಾಜ್ಯದ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಈಗ ವಾರದ ಆರು ದಿನವೂ ಬೇಯಿಸಿದ ಮೊಟ್ಟೆ ದೊರೆಯುವ ವ್ಯವಸ್ಥೆಯಿದೆ. ಬೇಡವೆಂದವರಿಗೆ ಬಾಳೆಹಣ್ಣು. ಈ ಯೋಜನೆಯ ಕುರಿತು ಭಕ್ತರು ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ನಮ್ಮ ಮಗು ಆ ಪಂಕ್ತಿಯಲ್ಲಿ ಕುಳಿತರೆ ಮನೆತನದ ಆಚಾರ ಉಳಿದೀತೆ ಎಂಬುದು ಒಂದು. ಮಠಗಳು ಇದನ್ನು ವಿರೋಧಿಸಬೇಕಲ್ಲವೆ ಎಂಬುದು ಇನ್ನೊಂದು. ಎರಡೂ ಪ್ರಾಮಾಣಿಕ ಪ್ರಶ್ನೆಗಳೇ ಆದುದರಿಂದ, ಆವೇಶವನ್ನು ಬದಿಗಿರಿಸಿ ನಡೆದ ಸಂಗತಿಗಳನ್ನು ಕ್ರಮವಾಗಿ ನೋಡುವುದು ಲೇಸು.

ನಮ್ಮಲ್ಲಿ ಶಾಲೆಯ ಬಿಸಿಯೂಟಕ್ಕೆ ಇರುವ ಹೆಸರು 'ಅಕ್ಷರ ದಾಸೋಹ'. 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲಾಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಮರುವರ್ಷ ರಾಜ್ಯದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಯೋಜನೆ ಆರಂಭವಾಗಿ, ಮುಂದೆ ಎಲ್ಲೆಡೆ ವಿಸ್ತರಿಸಿತು. 2013ರಿಂದ ಕ್ಷೀರಭಾಗ್ಯದ ಹಾಲು ಬಂದಿತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಪ್ರಾಯೋಗಿಕವಾಗಿ ಮೊಟ್ಟೆ ವಿತರಣೆ ಮೊದಲಾಯಿತು. ಆಗ ನಮ್ಮ ಸಮಾಜದ ಕೆಲವು ಮಠಾಧೀಶರೂ ಬೇರೆ ಸಂಪ್ರದಾಯಗಳ ಯತಿಗಳೂ ವಿರೋಧ ವ್ಯಕ್ತಪಡಿಸಿದರು. ಗಂಗಾವತಿಯ ಶಾಲೆಯೊಂದರ ಬಾಲಕಿಯರು ತಮಗೆ ಮೊಟ್ಟೆ ಬೇಕೆಂದು ಧೈರ್ಯದಿಂದ ಹೇಳಿದ ಮಾತು ನಾಡಿನಾದ್ಯಂತ ಕೇಳಿಸಿತು. 2022ರಲ್ಲಿ ವರ್ಷಕ್ಕೆ 46 ದಿನಗಳ ಲೆಕ್ಕದಲ್ಲಿ ಎಲ್ಲ ಜಿಲ್ಲೆಗಳಿಗೂ ಯೋಜನೆ ವಿಸ್ತರಿಸಿತು. 2023ರಲ್ಲಿ ವಾರಕ್ಕೆ ಎರಡು ಮೊಟ್ಟೆಗಳಾಗಿ, ಒಂಬತ್ತು ಮತ್ತು ಹತ್ತನೆಯ ತರಗತಿಗಳೂ ಸೇರಿದವು. 2024ರ ಜುಲೈ ತಿಂಗಳಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ನೀಡುವ ಒಪ್ಪಂದ ಮಾಡಿಕೊಂಡಿತು. ಅದರಿಂದ ಉಳಿದ ನಾಲ್ಕು ದಿನಗಳಿಗೂ ಮೊಟ್ಟೆ ಒದಗಿತು.

ಇನ್ನು ಪ್ರಮಾಣದ ವಿಚಾರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಒಬ್ಬ ವ್ಯಕ್ತಿಗೆ ವರ್ಷಕ್ಕೆ 180 ಮೊಟ್ಟೆಗಳನ್ನು, ಎಂದರೆ ದಿನ ಬಿಟ್ಟು ದಿನ ಒಂದನ್ನು, ಶಿಫಾರಸು ಮಾಡಿದೆ. ಕೇಂದ್ರ ಸರ್ಕಾರದ ಪಶುಸಂಗೋಪನಾ ಅಂಕಿಅಂಶಗಳ ಪ್ರಕಾರ 2023-24ರಲ್ಲಿ ದೇಶದ ತಲಾ ಲಭ್ಯತೆ ವರ್ಷಕ್ಕೆ 103. ಇದು ವಾರಕ್ಕೆ ಎರಡೇ ಆಯಿತು. ಅದೂ ಸರಾಸರಿ ಮಾತ್ರ. ನಗರದ ಅನುಕೂಲಸ್ಥನ ಉಪಾಹಾರದಲ್ಲಿ ದಿನಕ್ಕೆರಡು ಇದ್ದರೆ, ಕೂಲಿಯವನ ಮನೆಯಲ್ಲಿ ತಿಂಗಳಿಗೆರಡೂ ಇರಲಿಕ್ಕಿಲ್ಲ. ಶಾಲೆ ವರ್ಷದಲ್ಲಿ 30 ವಾರ ನಡೆದರೂ, ವಾರಕ್ಕೆ ಆರರಂತೆ ಲೆಕ್ಕ ಹಾಕಿದರೆ 180 ತಾನಾಗಿಯೇ ಪೂರ್ಣವಾಗುತ್ತದೆ. ಹೀಗೆ ಮನೆಯಲ್ಲಿ ಕೊಂಡು ತಿನ್ನಲಾಗದ ಮಗುವಿಗೂ ತಜ್ಞರು ಹೇಳಿದ ಪ್ರಮಾಣವನ್ನು ಶಾಲೆಯೊಂದೇ ಒದಗಿಸಿದಂತಾಯಿತು.

ಮೊಟ್ಟೆ ಅಮೃತವೂ ಅಲ್ಲ, ವಿಷವೂ ಅಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಗುಣದ ಪ್ರೋಟೀನು, ಜೊತೆಗೆ ಬಿ-12, ಎ ಮತ್ತು ಡಿ ಜೀವಸತ್ವಗಳಿವೆ. ಅದರ ಹಳದಿ ಭಾಗದಲ್ಲಿ 190 ಮಿಲಿಗ್ರಾಮಿನಷ್ಟು ಕೊಲೆಸ್ಟರಾಲ್ ಇರುವುದೂ ನಿಜ. ಹಿಂದೆ ಈ ಕಾರಣಕ್ಕೆ ಬಹಳ ಅಂಜಿಕೆಯಿತ್ತು. 2015ರಲ್ಲಿ ಅಮೆರಿಕದ ಆಹಾರ ಮಾರ್ಗಸೂಚಿಯು ದಿನಕ್ಕೆ 300 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಕೈಬಿಟ್ಟಿತು. ಆರೋಗ್ಯವಂತರಿಗೆ ದಿನಕ್ಕೊಂದು ಮೊಟ್ಟೆ ಬಾಧಕವಲ್ಲವೆಂಬುದು ಇಂದು ಬಹುಪಾಲು ವೈದ್ಯರ ಅಭಿಪ್ರಾಯ. ಮಧುಮೇಹ, ಹೃದ್ರೋಗವಿರುವ ಹಿರಿಯರು ಮಾತ್ರ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಆದರೆ ಬೆಳೆಯುವ ಮಗುವಿನ ಲೆಕ್ಕವೇ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, ಸುಮಾರು 33 ಮಕ್ಕಳಿಗೆ ತಕ್ಕ ತೂಕವಿಲ್ಲ, 65ಕ್ಕೂ ಹೆಚ್ಚು ಮಕ್ಕಳಲ್ಲಿ ರಕ್ತಹೀನತೆಯಿದೆ. ಬಸವಣ್ಣನವರ ನಾಡಿನಲ್ಲಿ ಮೂರರಲ್ಲೊಂದು ಮಗು ಕುಗ್ಗಿ ಬೆಳೆಯುತ್ತಿದೆ ಎಂಬ ಈ ಸಂಗತಿಗೆ ನಾವೆಲ್ಲರೂ ತಲೆತಗ್ಗಿಸಬೇಕಾಗಿದೆ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನೂ ಕೊಡದ ಗದಗಿನ ಮಕ್ಕಳನ್ನೂ ಹೋಲಿಸಿ ನೋಡಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದುದು ಕಂಡುಬಂದಿತು.

ಈಗ ಉತ್ತರ ಕನ್ನಡದ ಕಡಲತಡಿಗೆ ಬರೋಣ. ಅಂಕೋಲಾ ತಾಲ್ಲೂಕಿನ ಭಾವಿಕೇರಿ, ಬೇಲೆಕೇರಿಯ ಸುತ್ತಿನಲ್ಲಿ ನಾಡವರು, ಹಾಲಕ್ಕಿ ಒಕ್ಕಲಿಗರು, ಮೀನುಗಾರ ಸಮುದಾಯದವರು ಒಟ್ಟಾಗಿ ಬಾಳುತ್ತಾರೆ. ಅಲ್ಲಿ ಬಂಗಡೆ, ತಾರ್ಲೆ ನಿತ್ಯದ ಊಟ. ಕೋಳಿತತ್ತಿ ಚರ್ಚೆಯ ವಸ್ತುವೇ ಅಲ್ಲ. ಆದರೆ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಶಾಲೆಗಳು ಪುನರಾರಂಭವಾಗುವುದೂ ಅದೇ ಮಳೆಗಾಲದಲ್ಲಿ. ಮೀನು ತುಟ್ಟಿಯಾಗಿ, ದುಡಿಮೆಯೂ ಕುಂದುವ ಆ ಎರಡು ತಿಂಗಳಲ್ಲಿ ಶಾಲೆಯ ತತ್ತಿ ಮಗುವಿನ ಹೊಟ್ಟೆಗೆ ಎಷ್ಟು ದೊಡ್ಡ ಆಸರೆಯೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಕರಾವಳಿಯಲ್ಲಿ ನಮ್ಮ ಸಮಾಜದವರು ವಿರಳ. ನೌಕರಿಗಾಗಿ, ವ್ಯಾಪಾರಕ್ಕಾಗಿ ಘಟ್ಟ ಇಳಿದು ಹೋದ ಕುಟುಂಬದ ಮಗುವೊಂದು ಅಂತಹ ಊರಿನ ಶಾಲೆಯ ಪಂಕ್ತಿಯಲ್ಲಿ ಕುಳಿತಿದೆ ಎಂದುಕೊಳ್ಳೋಣ. ಕೊರಳಲ್ಲಿ ಇಷ್ಟಲಿಂಗ, ಅಕ್ಕಪಕ್ಕದ ತಟ್ಟೆಗಳಲ್ಲಿ ಮೊಟ್ಟೆ. ಆ ಮಗುವಿಗಾಗಿ ನಾವು ಬಯಸುವುದೇನು? ಯಾರೂ ಬಲವಂತ ಮಾಡಬಾರದು, ಹಾಸ್ಯ ಮಾಡಬಾರದು, ಬೇರೆ ಕೂರಿಸಬಾರದು; ಅದಕ್ಕೂ ಸಮನಾದ ಪೌಷ್ಟಿಕ ಪದಾರ್ಥ ದೊರೆಯಬೇಕು; ಇಷ್ಟೇ ಅಲ್ಲವೆ? ಹಾಗಾದರೆ ನಾವು ಹೆಚ್ಚು ಸಂಖ್ಯೆಯಲ್ಲಿರುವ ಊರುಗಳಲ್ಲಿ ಮೊಟ್ಟೆ ತಿನ್ನುವ ಮನೆಯ ಮಗುವಿಗೂ ಇದೇ ನ್ಯಾಯ ಸಲ್ಲಬೇಕು. ಘಟ್ಟದ ಕೆಳಗೆ ಒಂದು ನ್ಯಾಯ, ಘಟ್ಟದ ಮೇಲೆ ಇನ್ನೊಂದು ನ್ಯಾಯವಾದರೆ ಅದು ಧರ್ಮವಾಗದು, ಸಂಖ್ಯಾಬಲವಾದೀತು.

2025ರಲ್ಲಿ ಮಂಡ್ಯ ಜಿಲ್ಲೆಯ ಆಲಕೆರೆಯಲ್ಲಿ ನಡೆದುದು ಇಲ್ಲಿ ನೆನಪಾಗಬೇಕು. ವೀರಭದ್ರೇಶ್ವರ ಗುಡಿಯ ಸಮೀಪದ ಸರ್ಕಾರಿ ಶಾಲೆಯಲ್ಲಿ ಮೊಟ್ಟೆ ಬೇಯಿಸಬಾರದೆಂದು ಒಂದು ಕಡೆಯ ಪೋಷಕರು, ತಮ್ಮ ಮಕ್ಕಳಿಗೆ ಅದು ಸಿಗಲೇಬೇಕೆಂದು ಇನ್ನೊಂದು ಕಡೆಯವರು ಹಟ ಹಿಡಿದರು. ಕೊನೆಗೆ ಅನೇಕ ಪೋಷಕರು ವರ್ಗಾವಣೆ ಪತ್ರ ಪಡೆದು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದರು. ಗುಡಿಯ ಪಾವಿತ್ರ್ಯದ ಬಗೆಗಿನ ಭಾವನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಊರಿನ ಒಂದೇ ಶಾಲೆ ಇಬ್ಭಾಗವಾದಾಗ ಸೋತವರು ಯಾರು? ಒಂದೇ ಬೆಂಚಿನಲ್ಲಿ ಕುಳಿತು ಕಲಿಯುತ್ತಿದ್ದ ಮಕ್ಕಳು. ಪಂಕ್ತಿಭೇದವನ್ನು ಒಪ್ಪದ ಪರಂಪರೆ ನಮ್ಮದು. ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ, ಮೋಳಿಗೆ ಮಾರಯ್ಯನವರು ಒಂದೇ ಅನುಭವ ಮಂಟಪದಲ್ಲಿ ಸೇರಿದ ಚರಿತ್ರೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆಹಾರದ ಹೆಸರಿನಲ್ಲಿ ಹೊಸ ಪಂಕ್ತಿಭೇದ ಹುಟ್ಟುವುದಾದರೆ ಆ ಹೆಮ್ಮೆಗೆ ಅರ್ಥವುಳಿಯದು.

ಸಸ್ಯಾಹಾರ ನಮ್ಮ ವ್ರತ. ಅದರಲ್ಲಿ ನಾವು ಸಡಿಲಾಗಬೇಕಿಲ್ಲ. ಮಾರುಕಟ್ಟೆಯ ಮೊಟ್ಟೆಯಿಂದ ಮರಿಯಾಗದು, ಆದುದರಿಂದ ಅದು ಸಸ್ಯಾಹಾರವೇ ಎಂದು ಕೆಲವರು ವಾದಿಸುತ್ತಾರೆ. ಆ ಮೊಟ್ಟೆ ಫಲಿತವಾಗಿರುವುದಿಲ್ಲವೆಂಬುದು ಸರಿ. ಆದರೂ ವ್ರತವು ವಾದದಿಂದ ಬಂದುದಲ್ಲವಾದುದರಿಂದ ವಾದದಿಂದ ಹೋಗಬೇಕಾದುದೂ ಇಲ್ಲ. ಹಾಗೆಯೇ ವ್ರತವೆಂಬುದು ತಾನಾಗಿ ಹಿಡಿಯುವುದು. ಹಸಿದ ಪರರ ಮಗುವಿನ ಮೇಲೆ ಹೊರಿಸಿದಾಗ ಅದು ವ್ರತದ ಹೆಸರನ್ನು ಕಳೆದುಕೊಳ್ಳುತ್ತದೆ. ಇನ್ನು, ಪ್ರಾಣಿದಯೆಯೇ ನಮ್ಮ ಆಕ್ಷೇಪದ ಮೂಲವಾದರೆ ತಂತಿಯ ಇಕ್ಕಟ್ಟಾದ ಪಂಜರಗಳಲ್ಲಿ ರೆಕ್ಕೆ ಬಿಚ್ಚಲಾಗದೆ ಬದುಕುವ ಕೋಳಿಗಳ ಬಗ್ಗೆಯೂ ನಾವು ಮಾತನಾಡಬೇಕು. ಭಾರತದ ಕಾನೂನು ಆಯೋಗವು 2017ರ ತನ್ನ 269ನೆಯ ವರದಿಯಲ್ಲಿ ಈ ವಿಷಯವನ್ನು ಎತ್ತಿದೆ. ಸಾಕಣೆಯ ಕ್ರಮ ಸುಧಾರಿಸಲಿ ಎಂದು ಕೇಳುವುದು, ಬಡಮಗುವಿನ ತಟ್ಟೆಯಿಂದ ಮೊಟ್ಟೆ ತೆಗೆಯಿರಿ ಎನ್ನುವುದಕ್ಕಿಂತ ದಯೆಗೆ ಹತ್ತಿರವಾದ ಮಾತು.

ನಮ್ಮ ಸಮಾಜ ನಿಜವಾಗಿ ಗಟ್ಟಿಯಾಗಿ ಕೇಳಬೇಕಾದುದು ಬೇರೊಂದಿದೆ. ಮೊಟ್ಟೆ ತಿನ್ನದ ಮಗುವಿಗೆ ಕೊಡುವ ಬಾಳೆಹಣ್ಣು ಮೊಟ್ಟೆಗೆ ಸಮವೆ? ಒಂದು ಬಾಳೆಹಣ್ಣಿನಲ್ಲಿರುವ ಪ್ರೋಟೀನು ಸುಮಾರು 1 ಗ್ರಾಂ ಮಾತ್ರ. ಶೇಂಗಾ ಚಿಕ್ಕಿ ಇತ್ತು. ಗುಣಮಟ್ಟದ ದೂರುಗಳು ಬಂದ ಮೇಲೆ 2025ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೀಗಾಗಿ ಇಂದು ಸೊರಗುತ್ತಿರುವುದು ನಮ್ಮದೇ ಮಕ್ಕಳ ಪಾಲು. ಒಂದು ಮೊಟ್ಟೆಗೆ ಯೋಜನೆಯಲ್ಲಿ 6 ರೂಪಾಯಿ ನಿಗದಿಯಾಗಿದೆ: ಖರೀದಿಗೆ 5 ರೂಪಾಯಿ 20 ಪೈಸೆ, ಇಂಧನಕ್ಕೆ 50 ಪೈಸೆ, ಸುಲಿಯುವ ಅಡುಗೆಯವರಿಗೆ 30 ಪೈಸೆ. ಇದೇ ಮೊತ್ತದೊಳಗೆ 30 ಗ್ರಾಂ ಕಡಲೆಯ ಉಸಲಿಯನ್ನೋ 25 ಗ್ರಾಂ ಹುರಿದ ಶೇಂಗಾವನ್ನೋ ಕೊಟ್ಟರೆ ಮೊಟ್ಟೆಯಷ್ಟೇ, ಸುಮಾರು 6 ಗ್ರಾಂ, ಪ್ರೋಟೀನು ಸಿಗುತ್ತದೆ. ಬಿ-12 ಕಾಳಿನಲ್ಲಿಲ್ಲ, ಅದಕ್ಕೆ ಹಾಲು, ಮೊಸರು ತಪ್ಪದೆ ಬೇಕು. ಮೊಟ್ಟೆ ನಿಲ್ಲಿಸಿ ಎನ್ನುವ ಮನವಿಗಿಂತ ಬಾಳೆಹಣ್ಣಿನ ಜೊತೆ ಕಾಳು ಸೇರಿಸಿ ಎನ್ನುವ ಮನವಿ ಹೆಚ್ಚು ಮಕ್ಕಳನ್ನು ಕಾಪಾಡುತ್ತದೆ.

ಇದೇ ಅಳತೆಗೋಲನ್ನು ಮಠಗಳು ತಮಗೂ ಹಿಡಿದುಕೊಳ್ಳಬೇಕು. ನಾಡಿನ ಮಠಗಳ ಪ್ರಸಾದ ನಿಲಯಗಳಲ್ಲಿ ಸಾವಿರಾರು ಮಕ್ಕಳು ಉಂಡು ಓದುತ್ತಿದ್ದಾರೆ. ತುಮಕೂರಿನ ಸಿದ್ಧಗಂಗೆಯ ದಾಸೋಹ ಲೋಕವಿಖ್ಯಾತವಾದುದು. ಅಂತಹ ಪರಂಪರೆಯ ವಾರಸುದಾರರಾದ ನಾವು ಅನ್ನ, ಸಾರು ಬಡಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯಿತೆನ್ನಲಾಗದು. ಹೊಟ್ಟೆ ತುಂಬುವುದು ಬೇರೆ, ಮೈ ಬೆಳೆಯುವುದು ಬೇರೆ. ನಿತ್ಯದ ಪ್ರಸಾದದಲ್ಲಿ ಬೇಳೆ, ಕಾಳು, ಮೊಸರು, ಸೊಪ್ಪು ಸಾಕಷ್ಟಿವೆಯೆ? ಮಕ್ಕಳ ತೂಕ, ಎತ್ತರ, ರಕ್ತದ ಪ್ರಮಾಣವನ್ನು ವರ್ಷಕ್ಕೆರಡು ಬಾರಿ ನೋಡುತ್ತಿದ್ದೇವೆಯೆ? ಸಸ್ಯಾಹಾರದಿಂದಲೂ ಮಕ್ಕಳು ಸದೃಢರಾಗಬಲ್ಲರೆಂದು ಹೇಳುವವರು ಅದನ್ನು ತಮ್ಮ ನಿಲಯದ ಮಕ್ಕಳ ಮೈಯಲ್ಲಿ ತೋರಿಸಬೇಕು. ಭಾಷಣಕ್ಕಿಂತ ಆ ಸಾಕ್ಷ್ಯವೇ ದೊಡ್ಡದು.

ಆದುದರಿಂದ ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟು. ತಮ್ಮೂರಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ತಪ್ಪದೆ ಹೋಗಿರಿ. ಮೊಟ್ಟೆ ಬೇಕೆಂದ ಮಗುವಿಗೆ ಮೊಟ್ಟೆಯೂ, ಬೇಡವೆಂದ ಮಗುವಿಗೆ ಸಮನಾದ ಆಹಾರವೂ ಒಂದೇ ಪಂಕ್ತಿಯಲ್ಲಿ ಸಿಗುವಂತೆ ನೋಡಿಕೊಳ್ಳಿರಿ. ಪಾತ್ರೆ, ಸೌಟು ಬೇರೆಯಾಗಿರಲೆಂದು ಕೇಳುವುದು ತಪ್ಪಲ್ಲ, ಮಕ್ಕಳು ಬೇರೆಯಾಗಿ ಕೂರಲೆಂದು ಕೇಳುವುದು ತಪ್ಪು. ಸ್ಥಿತಿವಂತರು ತಮ್ಮ ಮನೆಯ ಶುಭಕಾರ್ಯಗಳಂದು ಶಾಲೆಗೆ ಕಡಲೆ, ಶೇಂಗಾ, ಮೊಸರಿನ ಸೇವೆ ಸಲ್ಲಿಸಬಹುದು. ಸರ್ಕಾರ ತನ್ನ ಯೋಜನೆಗೆ ನಮ್ಮ 'ದಾಸೋಹ'ವೆಂಬ ಹೆಸರನ್ನು ಎರವಲು ಪಡೆದಿದೆ. ಆ ಹೆಸರಿನ ಕೆಳಗೆ ಒಂದು ಮಗುವೂ ಅರೆಹೊಟ್ಟೆಯಲ್ಲಿ ಏಳದಂತೆ ಕಾಯುವ ಹೊಣೆ ಸರ್ಕಾರದ್ದು ಎಷ್ಟೋ ನಮ್ಮದೂ ಅಷ್ಟೇ.