ಹಳೆಯ ಗಾಡಿ: ಉಳಿಸುವುದೋ, ಕಳೆಯುವುದೋ?

ಮಂಗಳೂರಿನ ಹಳೆಯ ಪೇಟೆಯಲ್ಲಿ ವಾಹನವೊಂದರ ಹೆಸರನ್ನೇ ಹೊತ್ತ ಬೀದಿಯೊಂದಿದೆ. ಶ್ರೀ ವೆಂಕಟರಮಣ ದೇವಾಲಯದ ಆ ರಥಬೀದಿಯಲ್ಲಿ ರಥಸಪ್ತಮಿಯಂದು ತೇರು ಹರಿಯುವುದನ್ನು, ‘ಕೊಡಿಯಾಲ ತೇರು’ ಎಂದು ಊರಿಗೆ ಊರೇ ನೆರೆಯುವುದನ್ನು, ಇಲ್ಲಿಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ತೇರುಗಳ ವಿಷಯದಲ್ಲಿ ನಮ್ಮ ಜನ ಹಿಂದಿನಿಂದ ಪಾಲಿಸಿಕೊಂಡು ಬಂದ ಕ್ರಮ ಸರಳವಾದುದು. ಅಚ್ಚು ಸವೆದರೆ ಅಚ್ಚನ್ನು ಬದಲಿಸುತ್ತಾರೆ. ಗಾಲಿ ಬಿರಿದರೆ ಗಾಲಿಯನ್ನು ಬದಲಿಸುತ್ತಾರೆ. ಒಡಲ ಮರವೇ ಜೀರ್ಣವಾಯಿತೆಂದಾಗ ಮಾತ್ರ ಹೊಸ ತೇರಿನ ಮಾತು ಬರುತ್ತದೆ. ಅದರ ವಯಸ್ಸೆಷ್ಟೆಂದು ಕೇಳುವುದಕ್ಕಿಂತ ಮೊದಲು ಮರವನ್ನು ತಟ್ಟಿ ನೋಡುತ್ತಾರೆ. ಇಂಥ ವಿವೇಕವುಳ್ಳ ನಾವೇ ಮನೆಯಂಗಳದಲ್ಲಿ ನಿಂತ ಹಳೆಯ ಕಾರಿನ ಮುಂದೆ ಮಾತ್ರ ಕಂಗೆಡುತ್ತೇವೆ. ರಿಪೇರಿ ಮಾಡಿಸಿ ಉಳಿಸಿಕೊಳ್ಳಬೇಕೆ, ಕಳೆದು ಹೊಸತನ್ನು ಕೊಳ್ಳಬೇಕೆ ಎಂಬ ಪ್ರಶ್ನೆಗೆ ಒಬ್ಬರು ವ್ಯಾಮೋಹದಿಂದ ಉತ್ತರ ಕೊಡುತ್ತಾರೆ, ಇನ್ನೊಬ್ಬರು ನೆರೆಮನೆಯ ಅಂಗಳವನ್ನು ನೋಡಿ ಉತ್ತರ ಕೊಡುತ್ತಾರೆ. ಇವೆರಡೂ ಸರಿಯಾದ ಉತ್ತರಗಳಲ್ಲವೆಂದು ನನ್ನ ಅಭಿಪ್ರಾಯ.

ಪ್ರಶ್ನೆಯೇನೋ ಪ್ರಾಚೀನವಾದುದೇ. ‘ಮಿಲಿಂದ ಪನ್ಹ’ ಎಂಬ ಪಾಲಿ ಗ್ರಂಥದಲ್ಲಿ ಭಿಕ್ಷು ನಾಗಸೇನನು ಯವನ ದೊರೆ ಮಿಲಿಂದನನ್ನು ಅವನು ಏರಿ ಬಂದ ರಥದ ವಿಚಾರವಾಗಿಯೇ ಪರೀಕ್ಷಿಸುತ್ತಾನೆ. ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗವೂ ರಥವಲ್ಲ; ಹಾಗಾದರೆ ರಥವೆಂಬುದು ಎಲ್ಲಿದೆ? ಅತ್ತ ಗ್ರೀಸಿನಲ್ಲಿ, ಹಲಗೆಗಳನ್ನೆಲ್ಲ ಒಂದೊಂದಾಗಿ ಬದಲಿಸಿದ ಮೇಲೂ ಥೀಸಿಯಸನ ಹಡಗು ಅದೇ ಹಡಗಾಗಿ ಉಳಿಯಿತೆ ಎಂದು ತತ್ತ್ವಜ್ಞರು ವಾದಿಸುತ್ತಿದ್ದರೆಂದು ಪ್ಲುಟಾರ್ಕನು ಬರೆದಿದ್ದಾನೆ. ತತ್ತ್ವಜ್ಞರು ಇದನ್ನು ಎಷ್ಟು ಕಾಲ ಬೇಕಾದರೂ ಚರ್ಚಿಸಬಹುದು. ಗಾಡಿಯ ಒಡೆಯನಿಗೆ ಮಾತ್ರ ಅಷ್ಟು ಪುರಸತ್ತಿಲ್ಲ. ಮಳೆಗಾಲ ಬರುವುದರೊಳಗೆ ಅವನು ಒಂದು ತೀರ್ಮಾನಕ್ಕೆ ಬರಲೇಬೇಕು.

ಮಳೆಗಾಲವೆಂದುದು ಅಲಂಕಾರಕ್ಕಾಗಿ ಅಲ್ಲ. ವರ್ಷವೊಂದಕ್ಕೆ ಸರಾಸರಿ ೩,೫೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ಇದು. ಉಳಿದ ತಿಂಗಳುಗಳಲ್ಲಿ ಕಡಲ ಗಾಳಿ ಉಪ್ಪನ್ನು ಹೊತ್ತು ತರುತ್ತದೆ. ಉಪ್ಪು, ನೀರು, ಗಾಳಿ ಮೂರೂ ಸೇರಿದಲ್ಲಿ ಕಬ್ಬಿಣ ಬಾಳುವುದು ಕಷ್ಟ. ಪಣಂಬೂರಿನ ಕಡಲಂಚಿನಲ್ಲಿ ಹತ್ತು ವರ್ಷ ನಿಂತ ಕಾರಿಗೂ ಚಿತ್ರದುರ್ಗದ ಒಣಹವೆಯಲ್ಲಿ ಇಪ್ಪತ್ತು ವರ್ಷ ಓಡಿದ ಕಾರಿಗೂ ಹೋಲಿಕೆ ಮಾಡಿದರೆ, ಮುದಿತನ ಯಾವುದಕ್ಕೆ ಮೊದಲು ಬಂದಿರುವುದೆಂದು ವಾಚಕರೇ ಊಹಿಸಬಲ್ಲರು. ಹಾಗಿರುವಾಗ ವಾಹನದ ಆಯುಸ್ಸನ್ನು ಪಂಚಾಂಗ ನೋಡಿ ನಿರ್ಣಯಿಸುವುದು ಎಷ್ಟರ ಮಟ್ಟಿಗೆ ನ್ಯಾಯ?

ಕಾನೂನಿನ ಒಲವು ಮಾತ್ರ ಪಂಚಾಂಗದ ಕಡೆಗೇ ಇದೆ. ಸ್ವಂತ ಉಪಯೋಗದ ಕಾರಿಗೆ ಹದಿನೈದು ವರ್ಷಗಳ ನೋಂದಣಿ. ಅನಂತರ ಪರೀಕ್ಷೆಗೊಳಪಡಿಸಿ ಐದೈದು ವರ್ಷಗಳ ನವೀಕರಣ. ಇಷ್ಟರಲ್ಲಿ ತಪ್ಪೇನೂ ಇಲ್ಲ. ಆದರೆ ೬೦೦ ರೂಪಾಯಿ ಇದ್ದ ನವೀಕರಣದ ಶುಲ್ಕ ೨೦೨೨ರ ಏಪ್ರಿಲಿನಿಂದ ೫,೦೦೦ ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ೨೦೨೫ರ ಆಗಸ್ಟಿನಲ್ಲಿ ೧೦,೦೦೦ ರೂಪಾಯಿ ಗೊತ್ತುಮಾಡಲಾಯಿತು. ಹದಿನೈದು ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿಯಂತೂ ೨೦೨೩ರ ಏಪ್ರಿಲ್ ೧ರಿಂದ ರದ್ದಾಯಿತು. ಗಟ್ಟಿಯಾದುದಕ್ಕೂ ಗೆದ್ದಲು ಹಿಡಿದುದಕ್ಕೂ ಒಂದೇ ದಂಡ! ಪರೀಕ್ಷೆಯನ್ನು ಬಿಗಿ ಮಾಡುವುದು ಒಂದು, ಮುಪ್ಪಿಗೆ ತೆರಿಗೆ ಹಾಕುವುದು ಇನ್ನೊಂದು.

ರಿಪೇರಿಯ ಪರವಾಗಿ ಸಾಕ್ಷಿ ಬೇಕಾದವರು ನಮ್ಮ ರಾಜ್ಯ ರಸ್ತೆ ಸಾರಿಗೆ ನಿಗಮವನ್ನು ನೋಡಬಹುದು. ಲಕ್ಷಗಟ್ಟಲೆ ಕಿಲೋಮೀಟರು ಓಡಿ ಸೊರಗಿದ ಬಸ್ಸುಗಳನ್ನು ನಿಗಮವು ಇತ್ತೀಚಿನ ವರ್ಷಗಳಲ್ಲಿ ತನ್ನದೇ ಕಾರ್ಯಾಗಾರಗಳಲ್ಲಿ ಬಿಚ್ಚಿ, ತಗಡು, ಆಸನ, ಕಿಟಕಿಗಳನ್ನು ಹೊಸತಾಗಿ ಕೂಡಿಸಿ, ಮತ್ತೆ ದಾರಿಗೆ ಬಿಟ್ಟಿದೆ. ಹೊಸ ಬಸ್ಸಿನ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಈ ಕೆಲಸ ಸಾಧ್ಯವಾಯಿತು. ಸ್ವಂತ ಕೆಲಸಗಾರರ ಕೈಗೆ ಕೆಲಸವೂ ದೊರೆಯಿತು. ಇಲ್ಲಿ ಗಮನಿಸಬೇಕಾದುದೆಂದರೆ, ಅವರು ಬಸ್ಸಿನ ಮೇಲೆ ಮಮತೆ ಪಟ್ಟು ಉಳಿಸಲಿಲ್ಲ. ಅಡಿಗಟ್ಟು ಗಟ್ಟಿಯಾಗಿದೆಯೆಂದು ಕಂಡುಕೊಂಡು ಉಳಿಸಿದರು. ಹೊಸ ವಾಹನವೊಂದನ್ನು ಮಾಡುವುದಕ್ಕೆ ಉಕ್ಕನ್ನೂ ಅಲ್ಯೂಮಿನಿಯಮ್ಮನ್ನೂ ಕುದಿಸಬೇಕು. ಅದಕ್ಕೆ ಸುಟ್ಟ ಕಲ್ಲಿದ್ದಲಿನ ಹೊಗೆ, ಕೊಂಡವನ ಮನೆಗೆ ಗಾಡಿ ಬರುವುದಕ್ಕೆ ಮುಂಚೆಯೇ ಆಕಾಶ ಸೇರಿರುತ್ತದೆ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರೂ ಓಡಿಸದ ಅಧ್ಯಾಪಕನೊಬ್ಬ ಪರಿಸರದ ಹೆಸರಿನಲ್ಲಿ ಹೊಸ ಕಾರು ಕೊಂಡರೆ ಪರಿಸರಕ್ಕೆ ಆಗುವ ಲಾಭ ಅಷ್ಟಕ್ಕಷ್ಟೆ.

ಇನ್ನೊಂದು ಮಗ್ಗುಲೂ ಉಂಟು. ಅದನ್ನು ಮರೆಮಾಚಿದರೆ ಈ ಲೇಖನ ಬರಿಯ ವಕಾಲತ್ತಾದೀತು. ೨೦೧೯ರಲ್ಲಿ ಹೊಸ ಕಾರುಗಳಿಗೆಲ್ಲ ಚಾಲಕನ ಗಾಳಿಚೀಲವೂ, ಜಾರುವ ನೆಲದಲ್ಲಿ ಗಾಲಿ ಬಿಗಿದುಕೊಳ್ಳದಂತೆ ತಡೆಯುವ ಬ್ರೇಕಿನ ವ್ಯವಸ್ಥೆಯೂ ಕಡ್ಡಾಯವಾದವು. ೨೦೨೦ರ ಏಪ್ರಿಲಿನಲ್ಲಿ ಬಂದ ಭಾರತ್ ಸ್ಟೇಜ್ ಆರರ ನಿಯಮದಿಂದ ಇಂಧನದಲ್ಲಿನ ಗಂಧಕದ ಮಿತಿ ಹತ್ತು ಲಕ್ಷಕ್ಕೆ ೫೦ ಭಾಗದಿಂದ ೧೦ ಭಾಗಕ್ಕೆ ಇಳಿಯಿತು. ಹೊಗೆ ಶೋಧಿಸುವ ಸಾಧನಗಳೂ ಉತ್ತಮಗೊಂಡವು. ಹಳೆಯ ಗಾಡಿಯನ್ನು ಎಷ್ಟೇ ಒರೆಸಿ ಇಟ್ಟುಕೊಂಡರೂ ಇವು ಅದಕ್ಕೆ ಬರಲಾರವು. ಜುಲೈ ತಿಂಗಳ ಮಳೆಯಲ್ಲಿ ಬಲ್ಮಠದ ಇಳಿಜಾರಿನಲ್ಲಿ ಬ್ರೇಕು ತುಳಿದವನಿಗೆ ಈ ವ್ಯತ್ಯಾಸದ ಅರ್ಥ ಚೆನ್ನಾಗಿ ತಿಳಿದಿರುತ್ತದೆ. ದಾರಿಯು ನಮ್ಮೊಬ್ಬರದಲ್ಲ, ಅಲ್ಲಿ ಶಾಲೆಯ ಮಕ್ಕಳೂ ನಡೆಯುತ್ತಾರೆ.

ನನ್ನ ಮನೆಯ ಮಾತನ್ನೇ ಹೇಳುವುದಾದರೆ, ೧೯೯೯ರಲ್ಲಿ ಕೊಂಡ ಮಾರುತಿ ಎಂಟುನೂರು ನಮ್ಮಲ್ಲಿತ್ತು. ೨೦೨೪ರಲ್ಲಿ ಅದರ ಮೂರನೆಯ ನವೀಕರಣದ ಹೊತ್ತಿಗೆ, ಕಂಕನಾಡಿಯ ಬಳಿಯ ಗ್ಯಾರೇಜಿಗೆ ಒಯ್ದು ಪೂರ್ತಿ ನೋಡಲು ಹೇಳಿದೆ. ನಾಲ್ಕು ದಶಕ ಇದೇ ಕೆಲಸದಲ್ಲಿ ಕಳೆದ ಆ ಮೇಸ್ತ್ರಿ ಗಾಡಿಯನ್ನೆತ್ತಿ, ತಳವನ್ನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಹೋದರು. ಕೊನೆಗೆ, “ಮಾಸ್ಟ್ರೇ, ಇಂಜಿನು ಇನ್ನೂ ಹತ್ತು ವರ್ಷ ಓಡೀತು. ಆದರೆ ಅದನ್ನು ಹೊರುವ ತಗಡು ಓಡಲಿಕ್ಕಿಲ್ಲ. ಬೆಸುಗೆ ಹಾಕಿ ಕೊಡಬಹುದು, ಪಾಸೂ ಆದೀತು, ಆದರೆ ನಿಮ್ಮ ಮಕ್ಕಳನ್ನು ಅದರಲ್ಲಿ ಕೂರಿಸಬೇಡಿ” ಎಂದರು. ತಮಗೆ ಬರಬಹುದಾಗಿದ್ದ ಸಂಪಾದನೆಯನ್ನು ಅವರು ಈ ಒಂದು ಮಾತಿನಿಂದ ಬಿಟ್ಟುಕೊಟ್ಟರು. ಹೊಸ ಗಾಡಿಯ ಅಂಗಡಿಯಲ್ಲಿ ಇಂಥ ಸಲಹೆಗಾರರು ದೊರೆಯುವುದು ದುರ್ಲಭ.

ಗಾಡಿಯನ್ನು ಕೊಳ್ಳುವುದಕ್ಕೆ ಜನ ಬಂದರು. ಇಪ್ಪತ್ತೈದು ಸಾವಿರ ಕೊಡಲು ಸಿದ್ಧನಾದವನೊಬ್ಬ ಹೊಸದಾಗಿ ಚಾಲನೆ ಕಲಿತ ತರುಣ. ಮನೆಯಲ್ಲಿ ವೃದ್ಧ ತಾಯಿ, ಇಬ್ಬರು ಮಕ್ಕಳು. ಹಳೆಯ ವಾಹನವನ್ನು ‘ಬದಲಿಸಿದೆ’ ಎಂದು ನಾವು ಹೇಳುವಾಗ ನಿಜವಾಗಿ ಏನು ನಡೆಯುತ್ತದೆಂಬುದು ಆಗ ನನಗೆ ಸ್ಪಷ್ಟವಾಯಿತು. ಗಾಡಿ ದಾರಿಯಿಂದ ಇಳಿಯುವುದಿಲ್ಲ. ನಮಗಿಂತ ಬಡವನ ಕೈಗೆ ದಾಟುತ್ತದೆ. ನಮ್ಮ ಮಕ್ಕಳಿಗೆ ಬೇಡವಾದ ಅಪಾಯ ಅವನ ಮಕ್ಕಳ ಪಾಲಾಗುತ್ತದೆ. ೨೦೨೧ರ ಗುಜರಿ ನೀತಿಯಂತೆ ನೋಂದಾಯಿತ ಕೇಂದ್ರವೊಂದಕ್ಕೆ ನಾನು ಅದನ್ನು ಒಪ್ಪಿಸಿದೆ. ಕೈಗೆ ಬಂದ ಹಣ ಕಡಿಮೆಯಾದರೂ ಗಾಡಿಯ ಕಥೆ ಅಲ್ಲಿಗೆ ಮುಗಿಯಿತೆಂಬ ಸಮಾಧಾನವಿತ್ತು. ಅಡಿಗಟ್ಟು ಗಟ್ಟಿಯಾಗಿದ್ದರೆ, ಶುಲ್ಕ ಎಷ್ಟೇ ಇದ್ದರೂ, ಖಂಡಿತವಾಗಿ ಉಳಿಸಿಕೊಳ್ಳುತ್ತಿದ್ದೆ.

ಈ ವಿವೇಚನೆ ಸಾಧ್ಯವಾಗಬೇಕಾದರೆ ಒಳ್ಳೆಯ ಮೇಸ್ತ್ರಿಗಳು ಉಳಿಯಬೇಕು. ಈ ವಿದ್ಯೆ ನಮ್ಮ ಊರಿಗೆ ನಿನ್ನೆ ಮೊನ್ನೆ ಬಂದುದಲ್ಲ. ೧೯೧೪ರಲ್ಲಿಯೇ ಸ್ಥಾಪನೆಗೊಂಡ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಅಂದರೆ ಹಿರಿಯರ ಬಾಯಲ್ಲಿನ ಸಿ.ಪಿ.ಸಿ., ಈ ಜಿಲ್ಲೆಗೆ ಬಸ್ಸನ್ನು ತಂದಿತು. ವಾಹನಗಳ ಸ್ಪ್ರಿಂಗು ತಯಾರಿಸುವ ಕೆನರಾ ವರ್ಕ್‌ಷಾಪ್ಸ್ ಇಲ್ಲಿಯೇ ಬೆಳೆಯಿತು. ಅತ್ತ ೧೯೬೧ರಲ್ಲಿ ಆರಂಭವಾದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ೧೯೯೬ರಲ್ಲಿ ಮುಚ್ಚಿತು. ಆದರೂ ಅದರ ಜಾವಾ, ಯೆಜ್ಡಿ ಮೋಟಾರ್ ಸೈಕಲುಗಳು ಇಂದಿಗೂ ಓಡುತ್ತಿವೆ. ಕ್ಯೂಬಾ ದೇಶದಲ್ಲಿ ಅಮೆರಿಕದ ನಿರ್ಬಂಧದಿಂದಾಗಿ ಹೊಸ ಗಾಡಿಗಳು ಬಾರದೆ ಹೋದಾಗ, ೧೯೫೦ರ ದಶಕದ ಕಾರುಗಳನ್ನು ಅಲ್ಲಿಯ ಕಮ್ಮಾರರು ಅರ್ಧ ಶತಮಾನಕ್ಕೂ ಮೀರಿ ಓಡಿಸಿದರು. ಕಾರ್ಖಾನೆ ಮುಚ್ಚಿದ ಮೇಲೂ ಬಂದರು ಮುಚ್ಚಿದ ಮೇಲೂ ಯಂತ್ರವನ್ನು ಬದುಕಿಸುವುದು ಕೈಯ ವಿದ್ಯೆ.

ಆ ಕೈಗಳನ್ನು ಕಟ್ಟಿಹಾಕುವ ವ್ಯವಸ್ಥೆಯೂ ಬೆಳೆದಿದೆ. ಬಿಡಿಭಾಗಗಳನ್ನೂ ದುರಸ್ತಿಯ ತಿಳಿವಳಿಕೆಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ೨೦೧೪ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ೧೪ ಕಾರು ಕಂಪೆನಿಗಳಿಗೆ ಸುಮಾರು ೨,೫೪೪ ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪೆನಿಗಳು ಮೇಲ್ಮನವಿಗೆ ಹೋದವು. ೨೦೨೨ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ರಿಪೇರಿಯ ಹಕ್ಕಿಗೆಂದು ಒಂದು ಜಾಲತಾಣವನ್ನು ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಗೆ ಸೇರಿವೆ. ಮಾಹಿತಿ ದೊರೆಯುವುದು ಒಳ್ಳೆಯದೇ. ಆದರೆ ಒಂದು ಸಣ್ಣ ದೋಷವನ್ನು ಪತ್ತೆ ಹಚ್ಚುವುದಕ್ಕೂ ಕಂಪೆನಿಯ ಯಂತ್ರವೇ ಬೇಕಾಗುವಂತೆ ಗಾಡಿಗಳನ್ನು ಕಟ್ಟುತ್ತ ಹೋದರೆ, ‘ರಿಪೇರಿಯೋ ಬದಲಾವಣೆಯೋ’ ಎಂದು ಕೇಳುವ ಸ್ವಾತಂತ್ರ್ಯವೇ ನಮಗೆ ಉಳಿಯಲಾರದು. ಉತ್ತರವನ್ನು ಮಾರುವವನೇ ನಿರ್ಣಯಿಸಿರುತ್ತಾನೆ.

ಆದುದರಿಂದ ನನಗೆ ತೋರುವುದಿಷ್ಟು. ಗಾಡಿಯನ್ನು ಹೊರುವ ಒಡಲು ಗಟ್ಟಿಯಾಗಿದೆಯೆ? ಬ್ರೇಕೂ ಹೊಗೆಯೂ ಹತೋಟಿಯಲ್ಲಿವೆಯೆ? ಅದನ್ನು ಬಲ್ಲ ಮೇಸ್ತ್ರಿಯೂ ಬಿಡಿಭಾಗವೂ ದೊರೆಯುತ್ತವೆಯೆ? ಮೂರಕ್ಕೂ ‘ಹೌದು’ ಎಂದಾದರೆ, ವಯಸ್ಸು ಎಷ್ಟೇ ಆಗಿರಲಿ, ರಿಪೇರಿ ಮಾಡಿಸುವುದೇ ಧರ್ಮ. ಮೊದಲನೆಯದಕ್ಕೆ ‘ಇಲ್ಲ’ ಎಂದಾದರೆ ಮಮತೆಯನ್ನು ಬಿಟ್ಟು ಗುಜರಿಗೆ ಒಪ್ಪಿಸಬೇಕು, ಇನ್ನೊಬ್ಬನ ತಲೆಗೆ ಕಟ್ಟಬಾರದು. ಸರಕಾರವಾದರೋ ಹುಟ್ಟಿದ ವರ್ಷಕ್ಕೆ ದಂಡ ಹಾಕುವುದನ್ನು ಬಿಟ್ಟು, ಪ್ರಾಮಾಣಿಕವಾದ ಪರೀಕ್ಷೆಯನ್ನು ಪ್ರತಿ ಊರಿಗೂ ಒದಗಿಸಲಿ. ಬಿಡಿಭಾಗ ಕೊಡುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಲಿ. ಕಾಲೇಜುಗಳಲ್ಲಿ ಯಂತ್ರಶಾಸ್ತ್ರ ಓದುವ ವಿದ್ಯಾರ್ಥಿಗಳೂ ವಾರಕ್ಕೊಂದು ದಿನ ಹಳೆಯ ಗ್ಯಾರೇಜೊಂದರ ನೆಲದ ಮೇಲೆ ಕುಳಿತು ಬರಲಿ. ತಟ್ಟಿ ನೋಡಿ ಸದ್ದಿನಿಂದಲೇ ಗಟ್ಟಿಯೋ ಟೊಳ್ಳೋ ಎಂದು ಹೇಳಬಲ್ಲ ಕಿವಿಗಳು ಇಂದು ನಮ್ಮ ನಡುವೆ ಇವೆ. ಅವರು ಇರುವಾಗಲೇ ಕಲಿತುಕೊಳ್ಳುವುದು ಮೇಲು. ಗಾಡಿಯನ್ನು ಮತ್ತೆ ಕೊಳ್ಳಬಹುದು, ಆ ಕಿವಿಗಳನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.